ಧಾರವಾಡದ ದನಿ, ಯಂತ್ರದ ಗಂಟಲು

1930ರ ದಶಕದಲ್ಲಿ ಹುಬ್ಬಳ್ಳಿಯ ತರುಣಿಯೊಬ್ಬರು ಎಚ್‌ಎಂವಿ ಕಂಪನಿಗೆ ಹಾಡಿದರು. ಪ್ಲೇಟುಗಳು ಅಂಗಡಿಗೆ ಬಂದಾಗ ನಡುವಿನ ದುಂಡು ಚೀಟಿಯ ಮೇಲೆ ಅಚ್ಚಾಗಿದ್ದ ಹೆಸರು ಗಾಂಧಾರಿ. ಮನೆಯವರಿಗೆ, ಓಣಿಯವರಿಗೆ ಅವರು ಗಂಗೂಬಾಯಿ. ಪ್ಲೇಟಿನ ಮೇಲೆ ಮಾತ್ರ ಗಾಂಧಾರಿ. ದೂರದ ಊರಿನಲ್ಲಿ ಆ ಪ್ಲೇಟು ಹಚ್ಚಿ ಕೇಳಿದವರು ಹುಬ್ಬಳ್ಳಿಗೆ ಬಂದು ಗಾಂಧಾರಿಯ ಮನೆ ಯಾವುದೆಂದು ವಿಚಾರಿಸಿದ್ದರೆ, ಗಂಗೂಬಾಯಿ ಹಾನಗಲ್ಲರ ಮನೆ ಬಲ್ಲವರೂ ತಡಬಡಾಯಿಸಬೇಕಾಗುತ್ತಿತ್ತು.

ದನಿ ಅದರ ಒಡತಿಯನ್ನು ಬಿಟ್ಟು ಊರೂರು ತಿರುಗುವುದು, ತಿರುಗುವಾಗ ಬೇರೆ ಹೆಸರು ಹೊತ್ತುಕೊಳ್ಳುವುದು, ಕೇಳಿದವರು ಯಾರದೆಂದು ತಿಳಿಯದೆಯೇ ಅದನ್ನು ನಂಬುವುದು: ಕೃತಕ ಬುದ್ಧಿಮತ್ತೆ ಬಂದಮೇಲೆ ಇವೆಲ್ಲ ಹೊಸ ಭಯಗಳೆಂಬಂತೆ ಚರ್ಚೆಯಾಗುತ್ತಿವೆ. ಹುಬ್ಬಳ್ಳಿ-ಧಾರವಾಡದಲ್ಲೂ ಎಐ ಎಂದರೆ ಮೊದಲು ಏಳುವ ಮಾತು ನೌಕರಿಯದು, ಆಮೇಲೆ ಮಕ್ಕಳ ಪರೀಕ್ಷೆಯದು. ಎರಡೂ ದೊಡ್ಡ ವಿಷಯಗಳೇ. ಆದರೆ ಈ ಅವಳಿ ನಗರ ಜಗತ್ತಿಗೆ ಕೊಟ್ಟಿದ್ದರಲ್ಲಿ ಎಲ್ಲಕ್ಕಿಂತ ಮೇಲಿನದು ದನಿ. ಯಂತ್ರ ಈಗ ಕಲಿಯಲು ಹೊರಟಿರುವುದೂ ದನಿಯನ್ನೇ. ಹಾಗಾಗಿ ಈ ಊರಿನ ಮಟ್ಟಿಗೆ ಕೃತಕ ಬುದ್ಧಿಮತ್ತೆಯ ಕಥೆಯನ್ನು ಗ್ರಾಮಫೋನಿನಿಂದಲೇ ಶುರುಮಾಡಬೇಕು.

ಭಾರತದಲ್ಲಿ ಮೊದಲ ವಾಣಿಜ್ಯ ಧ್ವನಿಮುದ್ರಣ ನಡೆದದ್ದು 1902ರ ನವೆಂಬರಿನಲ್ಲಿ, ಕಲಕತ್ತೆಯಲ್ಲಿ. ಲಂಡನ್ನಿನಿಂದ ಬಂದ ಫ್ರೆಡ್ ಗೈಸ್‌ಬರ್ಗ್ ಮುಂದೆ ಗೌಹರ್ ಜಾನ್ ಹಾಡಿದರು. ಹಾಡು ಮುಗಿಯುತ್ತಲೇ ಇಂಗ್ಲಿಷಿನಲ್ಲಿ ತಮ್ಮ ಹೆಸರು ಕೂಗಿ ಹೇಳಿದರು. ಮುದ್ರಿಸಿದ ಮೇಣದ ಅಚ್ಚುಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ಪ್ಲೇಟುಗಳಾಗಬೇಕಿತ್ತು. ಅಲ್ಲಿನ ಕೆಲಸಗಾರರಿಗೆ ಹಿಂದೂಸ್ತಾನಿ ಗೊತ್ತಿಲ್ಲ, ಯಾವ ಹಾಡು ಯಾರದೆಂದು ತಿಳಿಯಬೇಕಾದರೆ ಹಾಡಿದವರೇ ಹೇಳಬೇಕು. ಅನುಕೂಲಕ್ಕೆಂದು ಹುಟ್ಟಿದ ಈ ರೂಢಿ ಆ ಕಾಲದ ಎಷ್ಟೋ ಗಾಯಕಿಯರ ಪ್ಲೇಟುಗಳಲ್ಲಿ ಕೇಳಿಸುತ್ತದೆ. ತಾನ್ ಮುಗಿದು ತಂಬೂರಿ ಇನ್ನೂ ನಿಲ್ಲದಿರುವಾಗ ಒಂದು ಹೆಸರು ಕಿವಿಗೆ ಬೀಳುತ್ತದೆ. ಸಮಾಜ ಆ ಹೆಣ್ಣುಮಕ್ಕಳಿಗೆ ಮನೆಯಂಗಳದಲ್ಲಿ ಕೊಡದಿದ್ದ ಗೌರವವನ್ನು ಯಂತ್ರದ ಒಂದು ತಾಂತ್ರಿಕ ಅಗತ್ಯ ಕೊಟ್ಟುಬಿಟ್ಟಿತು.

1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ ಬೆಳೆದದ್ದು ಆ ಪ್ಲೇಟುಗಳ ಕಾಲದಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳ ಕಿವಿ ಮಾತ್ರ ಉತ್ತರಾದಿಯತ್ತ. ಗ್ರಾಮಫೋನಿನ ಹಾಡು ಕೇಳಿಸಿತೆಂದರೆ ಹುಡುಗಿ ಬೀದಿಗೆ ಓಡುತ್ತಿದ್ದಳು, ಕೇಳಿದ್ದನ್ನು ಹಾಗೆಯೇ ಹಾಡಲು ನೋಡುತ್ತಿದ್ದಳು. ಮುಂದೆ ಹುಬ್ಬಳ್ಳಿಯಲ್ಲಿ ಕೃಷ್ಣಾಚಾರ್ಯ ಹುಲಗೂರರಲ್ಲಿ ಪಾಠವಾಯಿತು. ಅದಾದ ಮೇಲೆ ಕುಂದಗೋಳದ ಸವಾಯಿ ಗಂಧರ್ವರ ಬಳಿ ಶಿಕ್ಷಣ.

ಅದೇ ಕಾಲಕ್ಕೆ ಆಗಿನ ಧಾರವಾಡ ಜಿಲ್ಲೆಗೇ ಸೇರಿದ್ದ ಗದಗಿನಲ್ಲಿ ಇನ್ನೊಂದು ಮಗು ಅಂಗಡಿಯ ಮುಂದೆ ನಿಂತು ಪ್ಲೇಟು ಕೇಳುತ್ತಿತ್ತು. ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿ ಕೇಳಿದ ಭೀಮಸೇನ ಜೋಶಿ, 1933ರಲ್ಲಿ ಹನ್ನೊಂದು ವರ್ಷದವರಿದ್ದಾಗ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ಗ್ವಾಲಿಯರ್ ಎಂದರು, ಉತ್ತರ ಭಾರತವೆಲ್ಲ ಅಲೆದರು, ಜಲಂಧರದಲ್ಲಿ ತಂದೆಗೆ ಸಿಕ್ಕರು. ಕೊನೆಗೆ ಹುಡುಕುತ್ತಿದ್ದುದು ಸಿಕ್ಕಿದ್ದು ಮನೆಯ ಹತ್ತಿರದ ಕುಂದಗೋಳದಲ್ಲಿ, ಅದೇ ಕರೀಂ ಖಾನರ ಶಿಷ್ಯ ಸವಾಯಿ ಗಂಧರ್ವರ ಮನೆಯಲ್ಲಿ.

ಈ ಕಥೆಯನ್ನು ನಮ್ಮ ಕಡೆ ಎಲ್ಲರೂ ಬಲ್ಲರು. ಆದರೆ ಅದರೊಳಗಿನ ಒಂದು ಅಂಶಕ್ಕೆ ಇಂದು ಹೊಸ ಬೆಲೆ ಬಂದಿದೆ. ಪ್ಲೇಟು ಆ ಹುಡುಗನಿಗೆ ಸಾಕಾಗಲಿಲ್ಲ. ಚಾವಿ ಕೊಟ್ಟಷ್ಟು ಸಲ ಅದೇ ಮೂರು ನಿಮಿಷದ ಹಾಡು, ಒಂದಿನಿತೂ ಬದಲಾಗದೆ. ಅದು ಆತನನ್ನು ಆ ದನಿಯ ಮನೆತನದ ಕಡೆಗೆ ಅಟ್ಟಿತು. ಪ್ಲೇಟಿನ ಮೇಲೆ ಹೆಸರಿತ್ತು, ಹೆಸರಿನ ಹಿಂದೆ ಮನುಷ್ಯನಿದ್ದ, ಮನುಷ್ಯನಿಗೆ ಶಿಷ್ಯರಿದ್ದರು. ಕುಂದಗೋಳದಲ್ಲಿ ಆ ಹುಡುಗ ಕೊಡ ಹೊತ್ತು ನೀರು ತಂದ. ತೋಡಿ, ಮುಲ್ತಾನಿ, ಪೂರಿಯಾಗಳನ್ನು ವರ್ಷಗಟ್ಟಲೆ ತಿದ್ದಿದ. ಹುಬ್ಬಳ್ಳಿಯಿಂದ ರೈಲಿನಲ್ಲಿ ಪಾಠಕ್ಕೆ ಬರುತ್ತಿದ್ದ ಗಂಗೂಬಾಯಿಯವರನ್ನು ಸಂಜೆ ಸ್ಟೇಶನ್ನಿನವರೆಗೆ ಬಿಟ್ಟುಬರುವುದೂ ಅವನ ಪಾಲಿಗಿತ್ತು.

ಕಣ್ಣಿಗೆ ಕಟ್ಟುವ ಇನ್ನೊಂದು ಉದಾಹರಣೆ ಪಕ್ಕದ ಬೆಳಗಾವಿ ಸೀಮೆಯದು. 1924ರಲ್ಲಿ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಕೋಮಕಾಳಿಮಠ ಎಂಬ ಹುಡುಗ ಇದ್ದಕ್ಕಿದ್ದಂತೆ ಹಾಡತೊಡಗಿದ. ಹಾಡಿದ್ದೆಂದರೆ ದೊಡ್ಡ ದೊಡ್ಡ ಗವಾಯಿಗಳ ಪ್ಲೇಟುಗಳನ್ನು. ಕರೀಂ ಖಾನರ ಪ್ಲೇಟು ಕೇಳಿಸಿದರೆ ಕರೀಂ ಖಾನರಂತೆ, ಫೈಯಾಜ್ ಖಾನರದು ಕೇಳಿಸಿದರೆ ಅವರಂತೆ. ತಾನ್, ಮುರ್ಕಿ, ಉಸಿರು ತೆಗೆದುಕೊಳ್ಳುವ ಜಾಗ ಎಲ್ಲ ಅಚ್ಚುಹೊಡೆದ ಹಾಗೆ. ಜನ ಬೆರಗಾದರು. ಮಠದ ಸ್ವಾಮಿಗಳು ಕುಮಾರ ಗಂಧರ್ವ ಎಂದು ಬಿರುದಿತ್ತರು. ಊರೂರಲ್ಲಿ ಟಿಕೆಟ್ಟಿಟ್ಟು ಕಾರ್ಯಕ್ರಮಗಳಾದವು. ಮಾದರಿ ಕೇಳಿಸಿದರೆ ಸಾಕು, ಅದೇ ಕಂಠದಲ್ಲಿ ಹಾಡಿಕೊಡುವ ಇಂದಿನ ತಂತ್ರಾಂಶಗಳು ಮಾಡುವುದೂ ಹೊರನೋಟಕ್ಕೆ ಇದನ್ನೇ.

ತಂದೆ ಸಿದ್ಧರಾಮಯ್ಯನವರು ಮಗನನ್ನು ಮುಂಬೈಯ ಬಿ.ಆರ್. ದೇವಧರರ ಸಂಗೀತ ಶಾಲೆಗೆ ಸೇರಿಸಿದರು. ಅನುಕರಣೆ ಎಷ್ಟೇ ಪರಿಪೂರ್ಣವಾಗಿದ್ದರೂ ಅದು ಇನ್ನೂ ಸಂಗೀತವಲ್ಲ ಎಂಬುದನ್ನು ದೇವಧರರು ಬಲ್ಲವರಾಗಿದ್ದರು. ಹುಡುಗ ಅಲ್ಲಿಂದ ರಾಗದ ಒಳಗನ್ನು ಕಲಿಯತೊಡಗಿದ. 1940ರ ದಶಕದ ಕೊನೆಗೆ ಕ್ಷಯ ಬಂತು, ಒಂದು ಶ್ವಾಸಕೋಶ ಕೆಟ್ಟಿತು, ಮಧ್ಯಪ್ರದೇಶದ ದೇವಾಸದಲ್ಲಿ ವರ್ಷಗಟ್ಟಲೆ ಹಾಡದೆ ಮಲಗಬೇಕಾಯಿತು. ಹಾಸಿಗೆಯಲ್ಲಿ ಮಲಗಿ ಕೇಳಿಸಿಕೊಂಡದ್ದು ಮಾಳ್ವದ ಹಳ್ಳಿಗರ ಹಾಡುಗಳು. ಎದ್ದು ಮತ್ತೆ ಹಾಡಿದಾಗ ಆ ಕಂಠದಲ್ಲಿ ಯಾವ ಪ್ಲೇಟಿನ ನೆರಳೂ ಇರಲಿಲ್ಲ. ಮುರಿದ ಉಸಿರಿಗೆ ತಕ್ಕಂತೆ ಚಿಕ್ಕ ಚಿಕ್ಕ ತುಣುಕುಗಳಲ್ಲಿ ರಾಗ ಕಟ್ಟುವ ಅವರದೇ ದಾರಿ ಹುಟ್ಟಿತ್ತು. ಯಂತ್ರ ಹಾಡಿತೆಂದು ಹಿಗ್ಗುವವರೂ ಅಂಜುವವರೂ ಕುಮಾರರ ಈ ಎರಡು ಕಾಲಗಳನ್ನು ಒಮ್ಮೆ ಪಕ್ಕಪಕ್ಕ ಇಟ್ಟು ನೋಡಬೇಕು. ಮೊದಲ ಕಾಲದ ಕೆಲಸವನ್ನು ಯಂತ್ರ ಇಂದು ಮಾಡುತ್ತದೆ, ಚೆನ್ನಾಗಿಯೇ ಮಾಡುತ್ತದೆ. ಎರಡನೆಯದಕ್ಕೆ ಒಂದು ದೇಹ ಬೇಕಿತ್ತು, ಆ ದೇಹಕ್ಕೆ ಬಂದ ಕಾಯಿಲೆಯೂ ಬೇಕಿತ್ತು.

ಗಂಗೂಬಾಯಿಯವರ ಕಂಠದ ಕಥೆಯೂ ಹೀಗೆ ದೇಹದ ಕಥೆಯೇ. ಗಾಂಧಾರಿ ಹೆಸರಿನ ಆರಂಭದ ಪ್ಲೇಟುಗಳಲ್ಲಿರುವುದು ಎತ್ತರದ ಶ್ರುತಿಯ ತೆಳು ಹೆಣ್ಣುದನಿ. ಮುಂದೆ ಗಂಟಲಿಗೆ ಟಾನ್ಸಿಲ್ ಶಸ್ತ್ರಚಿಕಿತ್ಸೆಯಾಯಿತು, ದನಿ ಇಳಿಯಿತು. ಗಂಡುದನಿಯೆಂದು ಹೊಸಬರು ತಪ್ಪು ತಿಳಿಯುವಷ್ಟು ಆಳದ, ಗಟ್ಟಿ ಕಂಠವೇ ಮುಂದಿನ ಗಂಗೂಬಾಯಿಯ ಗುರುತಾಯಿತು. ಗಂಗೂಬಾಯಿ ಹಾನಗಲ್ಲರ ದನಿಯನ್ನು ಎಐ ಮೂಲಕ ಮರುಸೃಷ್ಟಿಸುತ್ತೇವೆಂದು ನಾಳೆ ಯಾರಾದರೂ ಬಂದರೆ ಮೊದಲು ಕೇಳಬೇಕಾದ ಪ್ರಶ್ನೆ ಇದು: ಯಾವ ಗಂಗೂಬಾಯಿ? ಎರಡೂ ಕಾಲದ ಮುದ್ರಣಗಳನ್ನು ಒಟ್ಟಿಗೆ ಸುರಿದರೆ ಹೊರಬರುವುದು ಎಂದೂ ಯಾರೂ ಕೇಳಿರದ, ಯಾವ ದೇಹದಲ್ಲೂ ಇರದ ದನಿ.

ಗ್ರಾಮಫೋನಿನ ಆಮೇಲೆ ರೇಡಿಯೋ. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಶುರುವಾಯಿತು. ಆಗ ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯ ಸಚಿವರಾಗಿದ್ದವರು ಧಾರವಾಡದವರೇ ಆದ ಆರ್.ಆರ್. ದಿವಾಕರ. ಪ್ಲೇಟು ಕೊಳ್ಳುವ ಶಕ್ತಿ ಇದ್ದವರು ನಾಲ್ಕು ಮಂದಿ. ರೇಡಿಯೋ ಹಚ್ಚಿದರೆ ಓಣಿಗೆಲ್ಲ ಕೇಳಿಸುತ್ತಿತ್ತು. ಮಲ್ಲಿಕಾರ್ಜುನ ಮನಸೂರರು ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು, ಬೇಂದ್ರೆಯವರು ಸಾಹಿತ್ಯ ಸಲಹೆಗಾರರಾಗಿದ್ದರು. ಗಂಗೂಬಾಯಿಯವರ ಆತ್ಮಕಥನ ‘ನನ್ನ ಬದುಕಿನ ಹಾಡು’ ಬರೆದುಕೊಂಡ ಎನ್ಕೆ ಕುಲಕರ್ಣಿಯವರೂ ಅದೇ ನಿಲಯದವರು.

ಸಂಗೀತಕ್ಕಿಂತ ಮಾತಿನ ವಿಷಯದಲ್ಲಿ ಆಕಾಶವಾಣಿ ಮಾಡಿದ ಕೆಲಸ ದೊಡ್ಡದೆಂದು ವಾದಿಸಬಹುದು. ದೆಹಲಿಯಿಂದ ಬರುವ ಕನ್ನಡ ವಾರ್ತೆ ಗ್ರಾಂಥಿಕವಾಗಿತ್ತು, ಸೊಟ್ಟ ಇರಲಿಲ್ಲ, ಸುಕ್ಕೂ ಇರಲಿಲ್ಲ. ಅದೇ ಪೆಟ್ಟಿಗೆಯಿಂದ ಧಾರವಾಡದ ನಾಟಕ, ರೈತರ ಕಾರ್ಯಕ್ರಮ, ಗೀಗೀ ಪದ ಬಂದಾಗ ಬೇರೊಂದು ಕನ್ನಡ. ಏನ್ ಮಾಡಾಕತ್ತೀರಿ, ಮಳಿ ಆತೇನ್ರಿ, ಹೊಂಟೀನ್ರಿ ಎನ್ನುವ ಮಾತು ಮೈಕಿನ ಮುಂದೆ ನಿಲ್ಲಲು ಯೋಗ್ಯ ಎಂದು ಒಂದು ಸರಕಾರಿ ಸಂಸ್ಥೆ ಒಪ್ಪಿಕೊಂಡಿತ್ತು. ನವಲಗುಂದದ ರೈತನಿಗೆ ತನ್ನ ಮನೆಯ ಮಾತೇ ರೇಡಿಯೋದೊಳಗಿಂದ ಕೇಳಿಸುತ್ತಿತ್ತು. ಕೆಳಗೆ ಬರುವ ಎಲ್ಲ ಸಂಗತಿಗಳಿಗೂ ಇದು ಅಳತೆಗೋಲು.

ಯಂತ್ರ ತಾನೇ ಮಾತಾಡಲು ಕಲಿತದ್ದು ನಿಧಾನಕ್ಕೆ. ರೈಲ್ವೆ ಸ್ಟೇಶನ್ನಿನ ಘೋಷಣೆಗಳನ್ನೇ ನೆನೆಯಬಹುದು. ಯಾರೋ ಒಬ್ಬರು ಗಾಡಿಯ ಹೆಸರು, ಊರು, ಅಂಕಿ, ‘ನಿಮಿಷ ತಡವಾಗಿ’ ಎಂಬ ತುಣುಕು ಎಲ್ಲವನ್ನೂ ಬಿಡಿಬಿಡಿಯಾಗಿ ಓದಿ ಮುದ್ರಿಸಿಕೊಟ್ಟಿರುತ್ತಾರೆ, ಕಂಪ್ಯೂಟರ್ ಬೇಕಾದಾಗ ಅವನ್ನು ಜೋಡಿಸಿ ಹೇಳುತ್ತದೆ. ಗಾಡಿಯ ನಂಬರಿನ ಒಂದೊಂದು ಅಂಕಿಯೂ ಬೇರೆ ಬೇರೆ ಏರಿಳಿತದಲ್ಲಿ ಕೇಳುವುದಕ್ಕೆ ಕಾರಣ ಇದೇ. 2016ರ ಸುಮಾರಿಗೆ ಬಂದ ನರಜಾಲ ಮಾದರಿಗಳು ಈ ತುಣುಕು ಅಂಟಿಸುವ ವಿದ್ಯೆಯನ್ನು ಬಿಟ್ಟು, ದನಿಯ ಅಲೆಯನ್ನೇ ಕ್ಷಣಕ್ಷಣಕ್ಕೆ ಹೊಸದಾಗಿ ಹೆಣೆಯತೊಡಗಿದವು. ಮೈಕ್ರೋಸಾಫ್ಟ್ 2023ರ ಜನವರಿಯಲ್ಲಿ ಪ್ರಕಟಿಸಿದ ವ್ಯಾಲ್-ಇ ಮಾದರಿಗೆ ಒಬ್ಬರ ಇಂಗ್ಲಿಷ್ ಮಾತಿನ ಮೂರು ಸೆಕೆಂಡು ಸಾಕಾಗಿತ್ತು, ಅದೇ ದನಿಯಲ್ಲಿ ಅವರು ಎಂದೂ ಆಡದ ಮಾತನ್ನು ಆಡಿ ತೋರಿಸಲು.

ಮೂರು ಸೆಕೆಂಡೆಂದರೆ ಫೋನು ಎತ್ತಿ ‘ಹಲೋ, ಯಾರ್ರಿ, ಹೇಳ್ರಿ’ ಎನ್ನುವಷ್ಟು ಹೊತ್ತು. ದಿನಬಳಕೆಯಲ್ಲಿ ಮೊದಲ ಪೆಟ್ಟು ಬಿದ್ದದ್ದು ಇಲ್ಲಿಯೇ. ಮಗನ ದನಿಯಲ್ಲೇ ಅಳುತ್ತಾ, ಅಪಘಾತವಾಗಿದೆ, ಕೂಡಲೇ ರೊಕ್ಕ ಹಾಕಿ ಎನ್ನುವ ಮೋಸದ ಕರೆಗಳ ಬಗ್ಗೆ ಪೊಲೀಸರು ದೇಶದಾದ್ಯಂತ ಎಚ್ಚರಿಸುತ್ತಿದ್ದಾರೆ. ದನಿ ಗುರುತು ಹಿಡಿದು ನಂಬುವುದು ಮನುಷ್ಯನ ಅತಿ ಹಳೆಯ ಅಭ್ಯಾಸ. ಕತ್ತಲಲ್ಲಿ ಬಾಗಿಲು ತಟ್ಟಿದವರನ್ನು ಯಾರೆಂದು ಕೇಳಿ, ಉತ್ತರದ ದನಿಯಿಂದಲೇ ಅಗಳಿ ತೆಗೆದ ಜನ ನಾವು. ಅಂಥ ಕರೆ ಬಂದರೆ ಅದನ್ನು ಕತ್ತರಿಸಿ, ತಮಗೆ ಗೊತ್ತಿರುವ ನಂಬರಿಗೆ ತಾವೇ ತಿರುಗಿ ಮಾಡಿ ಕೇಳುವ ಹೊಸ ರೂಢಿ ಈಗ ಮನೆಮನೆಗೆ ಬೇಕಾಗಿದೆ. ಮೋಸಹೋದವರು ಕೂಡಲೇ 1930ಕ್ಕೆ ಕರೆ ಮಾಡಬೇಕು.

ಇನ್ನೊಂದು ಬದಿಯಲ್ಲಿ ಇದೇ ವಿದ್ಯೆ ನಿಜವಾಗಿ ಉಪಕಾರಿ. ಕೀಲಿಮಣೆಯಲ್ಲಿ ಒತ್ತಕ್ಷರ ಹುಡುಕಲಾಗದ ತಾಯಿ ಫೋನಿಗೆ ಮಾತಾಡಿ ಸಂದೇಶ ಕಳಿಸುತ್ತಾಳೆ. ಕಣ್ಣು ಕಾಣದ ವಿದ್ಯಾರ್ಥಿಗೆ ಕನ್ನಡ ಪುಸ್ತಕವನ್ನು ಯಂತ್ರ ಓದಿ ಹೇಳುತ್ತದೆ. ಆದರೆ ಧಾರವಾಡದ ಕನ್ನಡ ಆಡಿದರೆ ಯಂತ್ರ ಮುಗ್ಗರಿಸುವುದು ಹೆಚ್ಚು. ಅದು ಕಲಿತದ್ದು ಬಹುಪಾಲು ವಾರ್ತೆಯ, ಪುಸ್ತಕದ ಕನ್ನಡದಿಂದ. ಮಂದಿ ಬೇಸತ್ತು, ಯಂತ್ರಕ್ಕೆ ತಿಳಿಯಲೆಂದು ತಮ್ಮ ಮಾತನ್ನೇ ತಿದ್ದಿಕೊಂಡು ನಿಧಾನವಾಗಿ ಬೆಂಗಳೂರು ಧಾಟಿಯಲ್ಲಿ ಹೇಳುತ್ತಾರೆ. ರೇಡಿಯೋ ಗಳಿಸಿಕೊಟ್ಟಿದ್ದನ್ನು ಫೋನು ಕಸಿಯಬಾರದು.

ಇದಕ್ಕೆ ಮದ್ದು ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆ, ಆರ್ಟ್‌ಪಾರ್ಕ್ ಮತ್ತು ಗೂಗಲ್ ಸೇರಿ ನಡೆಸುವ ‘ವಾಣಿ’ ಯೋಜನೆ ಜಿಲ್ಲೆ ಜಿಲ್ಲೆಯ ಮಾತನ್ನು ಸಂಗ್ರಹಿಸುತ್ತಿದೆ; ಅದು ಆರಿಸಿದ ಜಿಲ್ಲೆಗಳಲ್ಲಿ ಧಾರವಾಡವೂ ಇದೆ. ಅಲ್ಲಿ ಓದಲು ಏನನ್ನೂ ಕೊಡುವುದಿಲ್ಲ. ಒಂದು ಚಿತ್ರ ತೋರಿಸುತ್ತಾರೆ: ಸಂತೆ, ದನ, ಗುಡಿ, ಏನಾದರೂ. ನೋಡಿದವರು ಮನಸ್ಸಿಗೆ ಬಂದದ್ದನ್ನು ತಮ್ಮ ಮಾತಿನಲ್ಲೇ ಹೇಳಬೇಕು. ಓದಿಸಿದರೆ ಪುಸ್ತಕದ ಕನ್ನಡ ಬರುತ್ತದೆ, ಚಿತ್ರ ತೋರಿಸಿದರೆ ಅಡುಗೆಮನೆಯ ಕನ್ನಡ ಬರುತ್ತದೆ. ಮದ್ರಾಸ್ ಐಐಟಿಯ ಎಐ4ಭಾರತ್ 2024ರಲ್ಲಿ ಹೊರತಂದ ‘ಇಂಡಿಕ್‌ವಾಯ್ಸಸ್’ ಸಂಗ್ರಹದಲ್ಲಿ ಮೊದಲಿಗೇ 145 ಜಿಲ್ಲೆಗಳ 16,237 ಮಂದಿಯ ದನಿಗಳಿದ್ದವು, 22 ಭಾಷೆಗಳಲ್ಲಿ.

ಆ ಸಾವಿರಾರು ಜನರ ಹೆಸರು ಎಲ್ಲೂ ಇಲ್ಲ. ಇರಬಾರದು ಕೂಡ, ಸಾಮಾನ್ಯ ಮನುಷ್ಯನ ದನಿಗೆ ಹೆಸರು ಅಂಟಿಸಿ ಲೋಕಕ್ಕೆ ಬಿಟ್ಟರೆ ಅವನಿಗೇ ಅಪಾಯ. ಅವರ ಋಣ ತೀರಿಸುವ ದಾರಿ ಬೇರೆ: ಧಾರವಾಡದವರ ಮಾತಿನಿಂದ ಕಲಿತ ಯಂತ್ರ ಧಾರವಾಡದವರ ಮಾತು ತಿಳಿಯುವಷ್ಟು ಚೆನ್ನಾಗಿ ಆಗಬೇಕು, ಅವರ ಕೈಗೆ ಪುಕ್ಕಟೆ ಸಿಗಬೇಕು.

ಕಲಾವಿದರ ಲೆಕ್ಕ ಹಾಗಲ್ಲ. ಅಲ್ಲಿ ಹೆಸರೇ ಬದುಕು. ವಿಚಿತ್ರವೆಂದರೆ ಈಗ ಹೆಸರು ಸಿಗುತ್ತಿರುವುದು ಯಂತ್ರಕ್ಕೆ. 2023ರ ಜುಲೈನಲ್ಲಿ ಕನ್ನಡ ಸುದ್ದಿವಾಹಿನಿಯೊಂದು ಎಐ ನಿರೂಪಕಿಯನ್ನು ತಂದು ಸೌಂದರ್ಯ ಎಂದು ಕರೆಯಿತು. 2024ರ ಮೇ 26ರಂದು ಡಿಡಿ ಕಿಸಾನ್ ವಾಹಿನಿ, ಅಂದರೆ ಆಕಾಶವಾಣಿಯ ಒಡಹುಟ್ಟಿದ ದೂರದರ್ಶನ, ರೈತರಿಗಾಗಿ ಕ್ರಿಶ್, ಭೂಮಿ ಎಂಬ ಇಬ್ಬರು ಎಐ ನಿರೂಪಕರನ್ನು ಪರಿಚಯಿಸಿತು. ಐವತ್ತು ಭಾಷೆಗಳಲ್ಲಿ ಮಾತಾಡಬಲ್ಲರೆಂದು ಹೇಳಿತು. ಗಾಂಧಾರಿಯ ಕಾಲದಲ್ಲಿ ನಿಜವಾದ ಹೆಣ್ಣಿಗೆ ಕಂಪನಿಯ ಹೆಸರು ಬಂತು. ಈ ಯಂತ್ರಗಳಿಗೆ ಮಾತು ಕಲಿಸಿದ ಮನುಷ್ಯದನಿಗಳಿಗೆ ಅದೂ ಬಂದಿಲ್ಲ.

ಒಪ್ಪಿಗೆ ಕೇಳಿ ಮಾಡಿದವರೂ ಇದ್ದಾರೆ. 2024ರಲ್ಲಿ ಎ.ಆರ್. ರಹಮಾನ್ ತಮಿಳು ಚಿತ್ರ ‘ಲಾಲ್ ಸಲಾಂ’ನ ಹಾಡೊಂದಕ್ಕೆ ತೀರಿಹೋದ ಗಾಯಕರಾದ ಬಂಬಾ ಬಾಕ್ಯಾ ಮತ್ತು ಶಾಹುಲ್ ಹಮೀದರ ಕಂಠವನ್ನು ಎಐ ಮೂಲಕ ಬಳಸಿದಾಗ, ಕುಟುಂಬದವರ ಒಪ್ಪಿಗೆ ಪಡೆದು ಸಂಭಾವನೆ ಕೊಟ್ಟಿದ್ದಾಗಿ ತಿಳಿಸಿದರು. ಅದೇ ವರ್ಷ ತೆಲುಗು ಚಿತ್ರವೊಂದರಲ್ಲಿ ತಂದೆಯ ದನಿಯನ್ನು ಒಪ್ಪಿಗೆ ಪಡೆಯದೆಯೇ ಮರುಸೃಷ್ಟಿಸಲಾಗಿದೆ ಎಂದು ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಮಗ ನೋಟಿಸು ಕಳಿಸಿದರು. ಎಸ್‌ಪಿಬಿ ಕನ್ನಡದವರಿಗೂ ಮನೆಯ ದನಿ. ಇಲ್ಲಿ ಅವರ ಹಾಡಿಲ್ಲದ ಆರ್ಕೆಸ್ಟ್ರಾ ಇಲ್ಲ. 2024ರ ಜುಲೈನಲ್ಲಿ ಬಾಂಬೆ ಹೈಕೋರ್ಟು ಅರಿಜಿತ್ ಸಿಂಗ್ ಅವರ ದನಿಯನ್ನು ಅನುಮತಿಯಿಲ್ಲದೆ ಎಐ ಉಪಕರಣಗಳಲ್ಲಿ ನಕಲು ಮಾಡದಂತೆ ಮಧ್ಯಂತರ ಆದೇಶ ಕೊಟ್ಟಿತು.

ಬದುಕಿರುವ, ವಕೀಲರನ್ನಿಡಬಲ್ಲ ಗಾಯಕರಿಗೆ ಈ ದಾರಿ ಇದೆ. ಹಳೆಯ ಪ್ಲೇಟುಗಳಿಗೆ ಇಲ್ಲ. ಭಾರತದಲ್ಲಿ ಧ್ವನಿಮುದ್ರಣದ ಹಕ್ಕುಸ್ವಾಮ್ಯ 60 ವರ್ಷ. 1930ರ ದಶಕದ ಮುದ್ರಣಗಳೆಲ್ಲ ಎಂದೋ ಸಾರ್ವಜನಿಕವಾಗಿವೆ. ಪ್ರದರ್ಶಕರ ಹಕ್ಕುಗಳು ಕಾನೂನಿನೊಳಗೆ ಬಂದದ್ದೇ 1994ರ ತಿದ್ದುಪಡಿಯಿಂದ. ಕರೀಂ ಖಾನರ, ಗಾಂಧಾರಿಯ, ತರುಣ ಮನಸೂರರ ಪ್ಲೇಟುಗಳನ್ನು ಯಾವ ಕಂಪನಿ ಬೇಕಾದರೂ ಯಂತ್ರಕ್ಕೆ ಉಣಿಸಬಹುದು. ಅವು ಎಲ್ಲರಿಗೂ ಸಿಗುವುದು ಒಳ್ಳೆಯದೇ. ಸಂಗ್ರಾಹಕರು ಅಂತರ್ಜಾಲಕ್ಕೆ ಏರಿಸಿದ್ದರಿಂದಲೇ ಇಂದಿನ ಹುಡುಗರು ಅವನ್ನು ಕೇಳಿದ್ದಾರೆ. ಕೇಳುವುದು ಬೇರೆ, ಆ ಕಂಠಕ್ಕೆ ಜಾಹೀರಾತು ಹಾಡಿಸುವುದು ಬೇರೆ. ಎರಡರ ನಡುವೆ ಗೆರೆ ಎಳೆಯುವ ಕಾನೂನು ಬರುವವರೆಗೆ ಕಾಯದೆ, ಕಂಠ ಬಳಸುವವರು ಮನೆಯವರನ್ನು ಕೇಳುವ, ಇದು ಯಂತ್ರದ ದನಿ ಎಂದು ಬರೆಯುವ, ಯಾವ ಮುದ್ರಣಗಳಿಂದ ತೆಗೆದದ್ದೆಂದು ಹೇಳುವ ಪದ್ಧತಿ ಈ ಸಂಗೀತದ ಊರಿನಿಂದಲೇ ಶುರುವಾದರೆ ಅದಕ್ಕೆ ತೂಕವಿರುತ್ತದೆ.

ಅದಕ್ಕೆ ಬೇಕಾದ ವಿದ್ಯೆಯೂ ಈಗ ಇಲ್ಲೇ ಇದೆ. ಧಾರವಾಡಕ್ಕೆ 2015ರಲ್ಲಿ ಐಐಐಟಿ ಬಂತು, 2016ರಲ್ಲಿ ಐಐಟಿ. ಧಾರವಾಡ ಐಐಟಿಯಲ್ಲಿ ಪ್ರಾಧ್ಯಾಪಕರಾಗಿದ್ದು ಆಮೇಲೆ ಐಐಐಟಿಯ ನಿರ್ದೇಶಕರಾದ ಎಸ್.ಆರ್. ಮಹದೇವ ಪ್ರಸನ್ನ ಅವರ ವಿಷಯವೇ ಮಾತಿನ ಸಂಸ್ಕರಣೆ. ದನಿ ಕೇಳಿ ಮಾತಾಡಿದವರು ಯಾರೆಂದು ಗುರುತಿಸುವ ತಂತ್ರದ ಮೇಲೆ ಅವರು ದೀರ್ಘಕಾಲ ಕೆಲಸ ಮಾಡಿದ್ದಾರೆ. ಕಂಠವನ್ನು ಹೆಸರಿನಿಂದ ಕಳಚುವ ಯಂತ್ರವೇ, ತಿರುಗಿಸಿ ಹಿಡಿದರೆ, ಕಂಠಕ್ಕೆ ಹೆಸರು ಹುಡುಕಿಕೊಡಬಲ್ಲದು.

ಯಾವ ಹಳೆಯ ಧ್ವನಿಸಂಗ್ರಹದಲ್ಲೂ ಮುಖ್ಯ ಗಾಯಕರ ಹೆಸರು ಉಳಿಯುತ್ತದೆ, ಹಿಂದೆ ತಂಬೂರಿ ಹಿಡಿದು ದನಿಗೂಡಿಸಿದವರದು ಅಳಿಯುತ್ತದೆ. ನಾಟಕದ ಸಣ್ಣ ಪಾತ್ರ ಮಾಡಿದ ಹೆಣ್ಣುಮಗಳು, ಗೀಗೀ ಮೇಳದ ಹಿಮ್ಮೇಳದವರು, ರೈತರ ಕಾರ್ಯಕ್ರಮಕ್ಕೆ ಒಂದೇ ದಿನ ಬಂದು ಜೋಳದ ಬಗ್ಗೆ ಮಾತಾಡಿ ಹೋದ ಹಿರಿಯ: ಇಂಥವರ ಒಂದೊಂದು ಮಾದರಿ ದನಿ ಗೊತ್ತಿದ್ದರೆ, ಬೇರೆ ಟೇಪುಗಳಲ್ಲಿ ಅದೇ ದನಿ ಎಲ್ಲೆಲ್ಲಿದೆ ಎಂದು ಯಂತ್ರ ಸೋಸಿ ಕೊಡಬಹುದು. ಆ ಮೊದಲ ಮಾದರಿಯನ್ನು ಮಾತ್ರ ಕಿವಿಯಿಂದ ಗುರುತು ಹಿಡಿದು ಹೇಳಬೇಕಾದವರು ಮನುಷ್ಯರೇ. ಧಾರವಾಡ ಆಕಾಶವಾಣಿಯ ಮೊದಲ ದಶಕಗಳ ದನಿಗಳನ್ನು ಹಾಗೆ ಗುರುತಿಸಬಲ್ಲ ಹಳೆಯ ಶ್ರೋತೃಗಳು, ಕಲಾವಿದರು, ನಿವೃತ್ತ ಸಿಬ್ಬಂದಿ ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಅವರನ್ನು ಕೂರಿಸಿಕೊಂಡು, ಒಂದೊಂದೇ ಟೇಪು ಹಚ್ಚಿ ಕೇಳಿಸಿ, ಅವರು ಹೇಳಿದ ಹೆಸರು, ಊರುಗಳನ್ನು ವಹಿಯಲ್ಲಿ ಬರೆದುಕೊಳ್ಳುವ ಕೆಲಸಕ್ಕೆ ನಿಲಯವೂ ಐಐಐಟಿಯೂ ಕೂಡಿ ಈ ವರ್ಷವೇ ಕೈಹಚ್ಚಬೇಕು.